ಗಂಗವ್ವನ ಹೊಲದ ಮೂರು ಅಡಿ

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಸೇರಿದ ನಾಲ್ಕು ಜನ ಸರ್ವೇಯರುಗಳು ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದರು. ನಿವೃತ್ತರನ್ನು ಕಂಡು ಮಾತಾಡಿಸಿ ಬನ್ನಿ ಎಂದು ಯಾರೋ ಕಳಿಸಿದ್ದರಂತೆ. ಚಹಾ ಕುಡಿಯುತ್ತ ಅವರಲ್ಲೊಬ್ಬಳು, "ಸರ್, ನಿಮ್ಮ ಸರ್ವಿಸ್‌ನ್ಯಾಗ ಎಲ್ಲಾಕ್ಕಿಂತ ದೊಡ್ಡ ಕೇಸ್ ಯಾವುದ್ರಿ?" ಎಂದು ಕೇಳಿದಳು. ನಾನು ಕೊಗನೊಳ್ಳಿಯ ಹತ್ತಿರ ಹೆದ್ದಾರಿ ಅಗಲ ಮಾಡಿದಾಗಿನ ಅಳತೆ, ಕೃಷ್ಣೆಯ ನೀರು ಇಳಿದ ಮೇಲೆ ಗುರುತೇ ಸಿಗದ ಹೊಲಗಳಲ್ಲಿ ಕಲ್ಲು ಹುಡುಕಿದ್ದು, ಇಂಥವನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದೆ. ಅವರು ಹೋದ ಮೇಲೆ ನನ್ನ ಹೆಂಡತಿ ಮಾರ್ಥಾ ಕಪ್ಪು ಎತ್ತಿಕೊಳ್ಳುತ್ತ ಅಂದಳು: "ದೊಡ್ಡ ಕೇಸ್ ಹೇಳಲೇ ಇಲ್ಲಲ್ರಿ ನೀವು."

ಅವಳು ಹೇಳಿದ್ದು ಗಂಗವ್ವನ ವಿಷಯ. ನನ್ನ ಅಳತೆಯ ತಪ್ಪಿನಿಂದ ಒಬ್ಬ ಹೆಣ್ಣುಮಗಳ ಗಂಡನ ಸಮಾಧಿ ಪಕ್ಕದವರ ಹೊಲಕ್ಕೆ ಹೋಯಿತು. ಅದು ಗೊತ್ತಾದ ಮೇಲೂ ನಾನು ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಮನೆಗೆ ಬಂದ ಆ ಹುಡುಗರ ಎದುರು ಹೇಳಲು ನಾಚಿಕೆಯಾಯಿತು, ಆದ್ದರಿಂದ ಅವರಿಗೆಂದು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೆಲಸ ಹೇಗಿತ್ತು ಅನ್ನುವುದು ನಿಮಗೆ ತಿಳಿಯಬೇಕು. ನೀವು ಈಗ ರೋವರ್ ಯಂತ್ರ ನೆಟ್ಟರೆ ಆಕಾಶದ ಉಪಗ್ರಹದಿಂದ ಲೆಕ್ಕ ಬರುತ್ತದೆ. ನಮ್ಮ ಕೈಯಲ್ಲಿದ್ದದ್ದು ಕಬ್ಬಿಣದ ಸರಪಳಿ. ಮೂವತ್ತಮೂರು ಅಡಿ ಉದ್ದ, ಎರಡು ತುದಿಗೂ ಹಿತ್ತಾಳೆಯ ಹಿಡಿಕೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಆ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು, ಅಲ್ಲಿಂದ ಮೂರು ನಾಲ್ಕು ಮೈಲಿ ಎರೆಹೊಲದಲ್ಲಿ ನಡೆದು, ಜಾಲಿಮುಳ್ಳಿನಲ್ಲಿ ಎಳೆದಾಡಿ, ಸಂಜೆ ಮತ್ತೆ ಹೊತ್ತುಕೊಂಡು ಬರುತ್ತಿದ್ದೆವು. ಹೆಗಲ ಮೇಲೆ ಅದರ ಗುರುತು ಇನ್ನೂ ಇದೆ. ನಿಪ್ಪಾಣಿ ಕಡೆಯ ಹಳೆಯ ದಾಖಲೆಗಳು ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿರುತ್ತಿದ್ದವು. ಅದನ್ನು ಓದಬಲ್ಲ ಮುದುಕರನ್ನು ಹುಡುಕಿ, ಅವರ ಕನ್ನಡಕ ಹುಡುಕಿ, ಓದಿಸಿಕೊಳ್ಳುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಬಾಯಿಗೆ ಹೊಲದಲ್ಲಿ ತಿಂದ ಹಸಿ ಉಳ್ಳಾಗಡ್ಡಿಯ ರುಚಿ ಬರುತ್ತದೆ.

ಸರಪಳಿಯ ಇನ್ನೊಂದು ತುದಿಗೆ ಯಾವಾಗಲೂ ದಸ್ತಗೀರ ಇರುತ್ತಿದ್ದ. ನನಗಿಂತ ಹತ್ತು ವರ್ಷ ಹಿರಿಯ, ಕಚೇರಿಯ ಜವಾನ. ಶುಕ್ರವಾರ ಅವನ ನಮಾಜಿನ ಹೊತ್ತಿಗೆ ನಾನು ಬೇವಿನ ನೆರಳಲ್ಲಿ ಕೂತು ನಕ್ಷೆ ತೆಗೆಯುತ್ತಿದ್ದೆ. ಭಾನುವಾರ ನಾನು ಪ್ರಾರ್ಥನೆ ಬಿಟ್ಟು ಬರುವುದಿಲ್ಲವೆಂದು ಸಾಹೇಬರಿಗೆ ನನಗಿಂತ ಮೊದಲು ಅವನೇ ಹೇಳಿಬಿಡುತ್ತಿದ್ದ.

ನಮ್ಮಪ್ಪ ಕೂಲಿ ಮಾಡಿದವರು. ಅವರಿಗೆ ಒಂದು ಗುಂಟೆ ನೆಲವೂ ಇರಲಿಲ್ಲ. ಅವರು ತೀರಿಕೊಂಡಾಗ ನನಗೆ ಹದಿನಾರು. ನಮ್ಮ ಕ್ರೈಸ್ತರ ಐದಾರು ಮನೆಗಳಿಗೆ ಊರಲ್ಲಿ ಹೂಳುವ ಜಾಗವೇ ಇರಲಿಲ್ಲ. ಹಿರಿಯರು ಬೆಳಗಿನಿಂದ ಚಾವಡಿಯಲ್ಲಿ ಕೂತು ವಾದಿಸಿ, ಮಧ್ಯಾಹ್ನ ದಾಟಿದ ಮೇಲೆ ಗೋಮಾಳದ ಕಲ್ಲುನೆಲದ ಮೂಲೆಯೊಂದನ್ನು ತೋರಿಸಿದರು. ಹಾರೆ ಹಾಕಿದರೆ ಕಿಡಿ ಹಾರುವಂಥ ನೆಲ. ಅಂಥವರ ಮಗ ಮುಂದೆ ಊರವರ ಹೊಲ ಅಳೆಯುವವನಾದ. ನಾನು ಕೆಲಸಕ್ಕೆ ಸೇರಿದ ದಿನ ಅವ್ವ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, "ಯಾರದೂ ಒಂದ ಬೊಗಸಿ ಮಣ್ಣ ಈ ಕಡೆ ಆ ಕಡೆ ಆಗಬಾರ್ದು ನೋಡಪಾ" ಎಂದಿದ್ದಳು. ಅದನ್ನು ನಾನು ಬಹಳ ಹೆಮ್ಮೆಯಿಂದ ಪಾಲಿಸಿದೆ. ಹೆಮ್ಮೆ ಸ್ವಲ್ಪ ಹೆಚ್ಚೇ ಆಯಿತು ಅಂತ ಈಗ ಅನಿಸುತ್ತದೆ.

ಒಮ್ಮೆ ಯಡೂರಿನಲ್ಲಿ ಅಣ್ಣತಮ್ಮಂದಿರ ಪಾಲಿನ ಅಳತೆ. ಇಬ್ಬರೂ ಸೇರಿ ನನ್ನನ್ನು ವೀರಭದ್ರ ದೇವರ ಗುಡಿಯ ಮುಂದೆ ನಿಲ್ಲಿಸಿ, ಯಾರ ಕಡೆಯೂ ವಾಲಿಲ್ಲ ಅಂತ ವಿಭೂತಿ ಮುಟ್ಟಿ ಆಣೆ ಮಾಡಿ ಅಂದರು. ನಾನು ಯಾವ ಆಣೆಯನ್ನೂ ಮಾಡುವವನಲ್ಲ, ನಮ್ಮಲ್ಲಿ ಹೌದಂದರೆ ಹೌದು, ಇಲ್ಲಂದರೆ ಇಲ್ಲ, ಅಷ್ಟೇ ಅಂದೆ. ಅಣ್ಣನಿಗೆ ಸಂಶಯ ಬಂತು. "ಆಣಿಗೆ ಹೆದರ್ತಾರಂದ್ರ ಏನೋ ತಿಂದಾರ" ಎಂದು ಜನರ ಮುಂದೆಯೇ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ದಸ್ತಗೀರ ನನ್ನ ಕೈಯಿಂದ ಸರಪಳಿ ಕಿತ್ತುಕೊಂಡು ಒಂದು ತುದಿ ಅಣ್ಣನಿಗೆ, ಒಂದು ತುದಿ ತಮ್ಮನಿಗೆ ಕೊಟ್ಟು, "ನೀವ ಎಳೀರಿ, ನೀವ ಎಣಸ್ರಿ. ದಾವೀದಪ್ಪ ಸಾಹೇಬ್ರು ಬರ್ಕೋತಾರ" ಅಂದ. ಇಬ್ಬರೂ ಬೆವರಿಳಿಸಿ ಅಳೆದರು, ನಮ್ಮ ಲೆಕ್ಕವೇ ಬಂತು. ಅಂದಿನಿಂದ ವಾದಿ ಪ್ರತಿವಾದಿಗಳ ಕೈಗೇ ಸರಪಳಿ ಕೊಡುವುದು ನನ್ನ ಪದ್ಧತಿಯಾಯಿತು. ದಾವೀದಪ್ಪನ ಅಳತೆ ಅಂದರೆ ಮೇಲ್ಮನವಿ ಇಲ್ಲ ಅನ್ನುವ ಮಾತು ರಾಯಬಾಗದ ತನಕ ಹಬ್ಬಿತು. ನಾನೂ ಅದನ್ನು ನಂಬಿದೆ.

ಕಬ್ಬೂರಿನ ಆಚೆಗಿನ ಒಂದು ಹಳ್ಳಿಯಲ್ಲಿ ಬಾಳಗೌಡ ಎಂಬ ರೈತ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗೊತ್ತು ಮಾಡಿಸಲು, ಅರ್ಜಿ ಕೊಟ್ಟಿದ್ದ. ಅವನ ಪಕ್ಕದ ಹೊಲ ಗಂಗವ್ವನದು. ಮಕ್ಕಳಿಲ್ಲದ ವಿಧವೆ, ಐವತ್ತರ ಆಸುಪಾಸು, ಎತ್ತು ಹೂಡುವುದನ್ನೂ ತಾನೇ ಮಾಡುವ ಗಟ್ಟಿ ಹೆಂಗಸು. ನಮ್ಮ ಕಡೆ ಲಿಂಗಾಯತರು ತಮ್ಮವರನ್ನು ತಮ್ಮ ಹೊಲದಲ್ಲೇ ಹೂಳುತ್ತಾರಲ್ಲ, ಹಾಗೆ ಆಕೆಯ ಗಂಡ ಬಸಪ್ಪನ ಸಮಾಧಿ ಇಬ್ಬರ ನಡುವಿನ ಬದುವಿಗೆ ಹತ್ತಿಕೊಂಡು ಆಕೆಯ ಹೊಲದಲ್ಲಿತ್ತು. ಕಲ್ಲುಮಣ್ಣಿನ ಸಣ್ಣ ಕಟ್ಟೆ, ತಲೆಯ ಕಡೆ ದೀಪ ಇಡುವ ಗೂಡು.

ಅದು ಕ್ರಿಸ್ಮಸ್ಸಿನ ಹಿಂದಿನ ವಾರ. ಸಂಜೆ ಆರಕ್ಕೆ ಚಿಕ್ಕೋಡಿಯಲ್ಲಿ ನಮ್ಮ ಸಭೆಯವರ ಹಾಡಿನ ತಾಲೀಮು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ನಾನೇ. ಅರ್ಧ ಹಾಡು ಕನ್ನಡ, ಅರ್ಧ ಮರಾಠಿ, ನಾನಿಲ್ಲದಿದ್ದರೆ ಶ್ರುತಿ ಊರು ಬಿಟ್ಟು ಹೋಗುತ್ತಿತ್ತು. ಬಾಳಗೌಡನ ಹೊಲದ ಆಚೆ ತುದಿಯಲ್ಲಿ ಗಡಿಯ ಬಾಂದುಕಲ್ಲು ಸರಿಯಾಗಿ ಸಿಕ್ಕಿತು. ಅಲ್ಲಿಂದ ದಾಖಲೆಯ ಪ್ರಕಾರ ಹನ್ನೆರಡು ಸರಪಳಿ ಎಳೆದೆವು. ಒಂದು ತುದಿ ಬಾಳಗೌಡ ಹಿಡಿದ, ಇನ್ನೊಂದು ತುದಿ ಗಂಗವ್ವನೇ ಸೆರಗು ಕಟ್ಟಿ ಹಿಡಿದಳು. ಹನ್ನೆರಡನೆಯದು ಹಳೆಯ ಬದು ದಾಟಿ, ಸಮಾಧಿಯನ್ನೂ ದಾಟಿ ಬಿತ್ತು. ಮೂರು ಅಡಿ.

ಗಂಗವ್ವ ಹಿಡಿಕೆ ಬಿಡಲಿಲ್ಲ. "ಸಾಹೇಬ್ರ, ಇದ ಖರೇ ಅಲ್ರಿ. ನಮ್ಮಾವನ ಕಾಲದಿಂದ ಬದು ಇಲ್ಲೇ ಐತಿ. ಹಳ್ಳದ ಆಚೆ ನಮ್ಮ ಕಡೀ ಕಲ್ಲೈತಿ, ಅಲ್ಲಿಂದ ಒಮ್ಮೆ ಎಣಸ್ರಿ" ಅಂದಳು.

ಎರಡೂ ಕಡೆಯಿಂದ ಅಳೆದು ತಾಳೆ ನೋಡಬೇಕು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಳ್ಳ ದಾಟಿ ಆ ಕಲ್ಲು ಹುಡುಕಿ ಬರಲು ಇನ್ನೂ ಒಂದು ತಾಸು ಬೇಕು. ನಾಲ್ಕೂವರೆಯ ಬಸ್ಸು ತಪ್ಪಿದರೆ ತಾಲೀಮು ತಪ್ಪುತ್ತದೆ. "ನೀನ ಹಿಡಿದಿದ್ದೆಲ್ಲವ್ವಾ ಸರಪಳಿ. ಕಬ್ಬಿಣಕ್ಕೇನು ಭಿಡೆ ಇರ್ತದೇನು?" ಅಂದೆ. ಬಾಳಗೌಡನೇ ತಲೆ ಕೆರೆದುಕೊಂಡು, "ನಾ ಬರೇ ಕಲ್ಲ ಹಾಕಸ್ರಿ ಅಂದಿದ್ದೆ, ಇಷ್ಟ ಬರ್ತೈತಿ ಅಂದಿರಲಿಲ್ಲ" ಅಂದ. ಗಂಗವ್ವ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ನನ್ನ ಮುಖ ನೋಡಲಿಲ್ಲ. ನಾನು ಬಸ್ಸು ಹಿಡಿದೆ. ಆ ಸಂಜೆ ಹಾಡು ಬಹಳ ಚೆನ್ನಾಗಿ ಬಂತು.

ಹೊಸ ವರ್ಷದ ಮೊದಲ ವಾರ ಕಚೇರಿಯ ಅಂಗಳದಲ್ಲಿ ತಿಂಗಳಿಂದ ಬಿದ್ದಿದ್ದ ಕಟ್ಟಡದ ಉಸುಕನ್ನು ಎತ್ತಿದರು. ಅದರಡಿಯಲ್ಲಿ ನಮ್ಮ ಎರಡು ಗುರುತಿನ ಕಲ್ಲುಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಮೂವತ್ತಮೂರು ಅಡಿ. ದಿನಾ ಬೆಳಿಗ್ಗೆ ಸರಪಳಿಯನ್ನು ಆ ಕಲ್ಲುಗಳಿಗೆ ಹಿಡಿದು ನೋಡಿಯೇ ಹೊರಡಬೇಕೆಂಬುದು ನಿಯಮ. ಎಳೆದೆಳೆದು ಕೊಂಡಿಗಳ ಬಾಯಿ ಬಿಡುತ್ತವೆ, ಸರಪಳಿ ಉದ್ದವಾಗುತ್ತದೆ. ಉಸುಕು ಬಿದ್ದಿದೆಯಲ್ಲ ಎಂಬ ನೆಪದಲ್ಲಿ ನಾವು ಒಂದು ತಿಂಗಳು ನೋಡಿರಲಿಲ್ಲ. ಅವತ್ತು ದಸ್ತಗೀರ ಹಿಡಿದು ನೋಡಿ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಿಡಿಕೆ ಕಲ್ಲು ದಾಟಿ ಮೂರು ಇಂಚು ಮುಂದೆ ಬಿದ್ದಿತ್ತು.

ಒಂದು ಸರಪಳಿಗೆ ಮೂರು ಇಂಚು. ಹನ್ನೆರಡು ಸರಪಳಿಗೆ ಮೂವತ್ತಾರು ಇಂಚು, ಸರಿಯಾಗಿ ಮೂರು ಅಡಿ. ದಸ್ತಗೀರ, "ಆ ಯವ್ವ ಹೇಳಿದ್ಲಲ್ರಿ ಸಾಹೇಬ್ರ" ಅಂದ.

ಆ ತಿಂಗಳ ಉಳಿದ ಅಳತೆಗಳನ್ನು ತೆಗೆದು ನೋಡಿದೆ. ಅವನ್ನು ಎರಡೂ ಕಡೆಯಿಂದ ಅಳೆದು ತಾಳೆ ನೋಡಿದ್ದೆವು, ದಾಖಲೆಗೂ ನೆಲಕ್ಕೂ ಬಂದ ವ್ಯತ್ಯಾಸವನ್ನು ಅಲ್ಲಲ್ಲೇ ಸರಿದೂಗಿಸಿದ್ದೆವು. ಕೆಟ್ಟದ್ದು ಅದೊಂದೇ. ನಮ್ಮ ಸೂಪರ್‌ವೈಸರ್ ಕುಲಕರ್ಣಿ ಸಾಹೇಬರ ಮುಂದೆ ಹೋಗಿ ನಿಂತೆ. ಕೆಲಸ ಬಲ್ಲವರು, ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೇಳಿ ಎದ್ದು ಬಾಗಿಲು ಹಾಕಿದರು. "ದಾವೀದಪ್ಪ, ಆಕಿ ಹೆಬ್ಬೆಟ್ಟ ಒತ್ಯಾಳ. ಅರ್ಜಿ ಇಲ್ಲ, ತಕರಾರಿಲ್ಲ. ಮಲಗಿದ ನಾಯಿ ತುಳೀಬ್ಯಾಡ. ನಿಂದೂ ನೌಕರಿ ಹೋಗ್ತದ, ನಂದೂ ಹೋಗ್ತದ" ಅಂದರು. ನನಗೂ ಬೇಕಾಗಿದ್ದದ್ದು ಅದೇ ಮಾತು. ಕೊಂಡಿಗಳನ್ನು ಸುತ್ತಿಗೆಯಿಂದ ಬಡಿದು ಸರಿಮಾಡಿ ಸುಮ್ಮನಾದೆ.

ಸುಮ್ಮನಿರುವುದು ಸುಲಭ ಅಂದುಕೊಂಡಿದ್ದೆ. ರಾಯಬಾಗದ ಬಸ್ಸು ಆ ಊರಿನ ದಾರಿಯಲ್ಲೇ ಹೋಗುತ್ತಿತ್ತು. ಆ ಊರು ಬಂದಾಗ ದಸ್ತಗೀರ ಆಚೆ ಕಡೆಯ ಕಿಟಕಿಗೆ ಮುಖ ತಿರುಗಿಸುತ್ತಿದ್ದ. ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕಚೇರಿಗೆ ಕಬ್ಬೂರಿನ ಕಡೆಯವರು ಯಾರು ಬಂದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ, ಸಭೆಯವರೆಲ್ಲ ಎದ್ದು ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ಯಾರದಾದರೂ ಮನಸ್ಸು ನಿನ್ನಿಂದ ನೊಂದಿದ್ದರೆ ಮೊದಲು ಹೋಗಿ ಅದನ್ನು ಸರಿಮಾಡಿಕೊಂಡು ಬಾ ಎಂದು ಪಾಸ್ಟರರು ಪ್ರತಿ ಸಲ ಹೇಳುವ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅದು ಬೇರೆ ಯಾರಿಗೋ ಹೇಳಿದ್ದು ಎಂದುಕೊಂಡಿದ್ದೆ. ಈಗ ನಾನು ಎದ್ದು ಮುಂದೆ ಹೋಗುತ್ತಿರಲಿಲ್ಲ. ಪೇಟಿಯ ಹಿಂದೆ ಕೂತು ಹಾಡು ಮುಂದುವರಿಸುತ್ತಿದ್ದೆ. ನುಡಿಸುವವನು ಎದ್ದು ಬರಲಾಗದು ಎಂದು ಎಲ್ಲರೂ ತಿಳಿದರು.

ಮಾರ್ಥಾ ಹಾಗೆ ತಿಳಿಯಲಿಲ್ಲ. ಎರಡನೆಯ ವರ್ಷ ಮಳೆಗಾಲದಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು, ನಾನು ಎಲ್ಲ ಹೇಳಿದೆ. ದೇವರ ಮುಂದೆ ದಿನಾ ಅತ್ತು ಹೇಳಿಕೊಳ್ಳುತ್ತಿದ್ದೇನೆ ಅಂತಲೂ ಸೇರಿಸಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅಂದಳು: "ದೇವರಿಗೆ ಯಾಕ ಹೇಳ್ತೀರಿ? ಅದು ದೇವರ ಹೊಲ ಅಲ್ಲ, ಗಂಗವ್ವನ ಹೊಲ."

ಮರುದಿನವೇ ದಸ್ತಗೀರನನ್ನು ಕರೆದುಕೊಂಡು ಹೋದೆ. ಬಾಳಗೌಡ ಹೊಸ ಗಡಿಯ ತನಕ ಕಬ್ಬು ಹಚ್ಚಿದ್ದ. ಆಳೆತ್ತರ ಬೆಳೆದಿತ್ತು. ಬಸಪ್ಪನ ಸಮಾಧಿ ಕಾಣಲೇ ಇಲ್ಲ. ತನ್ನ ಹೊಲದಲ್ಲಿ ಸದೆ, ಕಳೆ ತೆಗೆಯುತ್ತಿದ್ದ ಗಂಗವ್ವ ಎದ್ದು ನಿಂತಳು. ಆಕೆಯ ಎರಡೂ ಕೈಗಳ ಮೇಲೆ ಮೊಣಕೈಯ ತನಕ ಸಣ್ಣ ಸಣ್ಣ ಗೀರುಗಳಿದ್ದವು. ಸೋಮವಾರ ಸೋಮವಾರ ಕಬ್ಬಿನೊಳಗೆ ನುಗ್ಗಿ ದೀಪ ಇಟ್ಟು ಬರುತ್ತಿದ್ದಳಂತೆ. ಕಬ್ಬಿನ ರವದಿ, ಆ ಒಣಗಿದ ಗರಿ, ಕುಯ್ದ ಗೀರು ಅವು. ಅದನ್ನು ಕಂಡಾಗ, ಕಲ್ಲುನೆಲಕ್ಕೆ ಹಾರೆ ಹಾಕುತ್ತಿದ್ದ ನಮ್ಮವರ ಕೈಗಳು ನೆನಪಾದವು. ಸತ್ತವರಿಗೆ ನೆಲವಿಲ್ಲದ ಸಂಕಟ ಏನೆಂದು ಊರಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ನನಗೆ. ನಾಚಿಕೆಯಿಂದ ನೆಲ ನೋಡುತ್ತಲೇ ಹೇಳಿದೆ. ಸರಪಳಿ ಉದ್ದವಾಗಿತ್ತು, ನಾನು ಆಚೆ ಕಡೆಯಿಂದ ಅಳೆಯಲಿಲ್ಲ, ತಪ್ಪು ನನ್ನದು, ಗೊತ್ತಾಗಿ ಒಂದೂವರೆ ವರ್ಷವಾಯಿತು.

"ನಾ ಅವತ್ತ ಹೇಳಿದ್ನಲ್ರಿ" ಅಂದಳು. ಕೈಯಲ್ಲಿದ್ದ ಸದೆಯನ್ನು ಬದಿಗೆ ಒಗೆದಳು.

ಮರುಅಳತೆಗೆ ಅರ್ಜಿ ಬರೆದು ತಂದಿದ್ದೆ. ಮಸಿಡಬ್ಬಿ ತೆರೆದು ಮುಂದಿಟ್ಟೆ. ಆಕೆ ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ನಿಮ್ಮ ಕಾಗದಕ್ಕ ಒಮ್ಮೆ ಹೆಬ್ಬೆಟ್ಟ ಒತ್ತಿ ನನ್ನ ಗಂಡನ್ನ ಕೊಟ್ಟ ಬಂದೀನಿ. ಇನ್ನ ಒತ್ತಂಗಿಲ್ಲ." ದಸ್ತಗೀರ ಎಷ್ಟು ಪುಸಲಾಯಿಸಿದರೂ ಒಪ್ಪಲಿಲ್ಲ. ಅರ್ಜಿ ಇಲ್ಲದೆ ಮರುಅಳತೆ ಇಲ್ಲ. ತಪ್ಪು ಒಪ್ಪಿಕೊಂಡರೆ ಎಲ್ಲ ಮುಗಿಯಿತು ಎಂದು ಪ್ರಾರ್ಥನೆ ಮಾಡಿಕೊಂಡು ಬಂದಿದ್ದೆ. ಮುಗಿಯಲಿಲ್ಲ.

ಉಳಿದಿದ್ದ ದಾರಿ ಒಂದೇ, ನನ್ನ ಮೇಲೆ ನಾನೇ ವರದಿ ಬರೆಯುವುದು. ಬರೆದೆ. ಕುಲಕರ್ಣಿ ಸಾಹೇಬರು ಅದನ್ನು ಓದಿ ಕೆಂಪಾದರು. "ನಿಮ್ಮ ದೇವರು ಕ್ಷಮಿಸ್ತಾನಪಾ. ಇಲಾಖೆಗೆ ಆ ಚಟ ಇಲ್ಲ" ಅಂದರು. ಇನ್ನೊಮ್ಮೆ ಓದಿದರು. ಆಮೇಲೆ ತಾವೇ ಪೆನ್ನು ತೆಗೆದು ಅದರ ಕೆಳಗೆ, ಸರಪಳಿ ಪರೀಕ್ಷೆ ನಡೆಯುತ್ತಿದೆಯೇ ಎಂದು ನೋಡುವ ಹೊಣೆ ನನ್ನದಾಗಿತ್ತು, ನಾನೂ ನೋಡಲಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದರು. ನಾನು ಕೇಳಿರಲಿಲ್ಲ. ಅವರು ಯಾವ ಗುಡಿಗೆ ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ವರ್ಷವಿಡೀ ಪ್ರಾರ್ಥನೆ ಮಾಡಿ ಮಾಡಿದ ಕೆಲಸವನ್ನು ಅವರು ಒಂದು ಗಳಿಗೆಯಲ್ಲಿ ಮಾಡಿದರು. ನಮ್ಮಿಬ್ಬರಿಗೂ ಆದ ಶಿಕ್ಷೆಯ ಕತೆ ಇಲ್ಲಿ ಬೇಡ. ನಿಮ್ಮ ರೋವರಿಗೂ ಹೇಳುತ್ತೇನೆ, ಗೊತ್ತಿರುವ ಕಲ್ಲಿನ ಮೇಲೆ ಮೊದಲು ನಿಲ್ಲಿಸಿ ನೋಡಿಕೊಳ್ಳಿ. ಯಂತ್ರ ತಪ್ಪಿದರೆ ಅದಕ್ಕೆ ನಾಚಿಕೆಯಾಗುವುದಿಲ್ಲ, ನಿಮಗಾಗುತ್ತದೆ.

ಕಬ್ಬು ಕಡಿಯುವ ತನಕ ಸರಪಳಿ ಹಾಯುವಂತಿರಲಿಲ್ಲ. ಕಡಿದ ಮೇಲೆ ಆದೇಶ ಹಿಡಿದುಕೊಂಡು ಹೋದೆವು. ಊರ ಹತ್ತಿಪ್ಪತ್ತು ಜನ ನೆರೆದಿದ್ದರು. ಬಾಳಗೌಡ ಮೊದಲು ಗೊಣಗಿದ. "ನಾ ಬೇಡಿದ್ನೇನ್ರಿ? ನೀವ ಕೊಟ್ರಿ, ಈಗ ನೀವ ಕಸಗೋತೀರಿ" ಅಂದ. ಆದರೂ ಹಿಡಿಕೆ ಹಿಡಿದ. ಅವನ ಕಡೆಯಿಂದ ಅಳೆದೆವು. ಹಳ್ಳ ದಾಟಿ ಗಂಗವ್ವ ಹೇಳಿದ ಕಲ್ಲನ್ನು ಕಳ್ಳಿಯ ಬುಡದಲ್ಲಿ ಹುಡುಕಿ ಅಲ್ಲಿಂದಲೂ ಅಳೆದೆವು. ಎರಡೂ ಗೆರೆಗಳು ಹಳೆಯ ಬದುವಿನ ಮೇಲೆ ಬಂದು ಕೂಡಿದವು. ಸಮಾಧಿ ಈಚೆಗೆ ಬಂತು. ಬಾಳಗೌಡ ಹಿಡಿಕೆ ಕೆಳಗಿಟ್ಟು, "ಎರಡ ವರ್ಷ ಬಸಪ್ಪನವ್ರು ನನ್ನ ಹೊಲದಾಗಿದ್ರು. ನಾನೂ ಒಂದ ಕಾಯಿ ಒಡೀಲಿಲ್ಲ ನೋಡ್ರಿ" ಎಂದು ಮೆಲ್ಲಗೆ ಅಂದ.

ನಾನು ಗಂಗವ್ವನ ಮುಂದೆ ಕೈ ಮುಗಿದು ನಿಂತೆ. "ಅವ್ವಾ, ನನ್ನಿಂದ ತಪ್ಪಾತು. ಕ್ಷಮಾ ಮಾಡವ್ವಾ" ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನಗೇನ ಹೇಳ್ತೀರಿ? ನಾ ನನ್ನ ಮನ್ಯಾಗ ಮಲಗೇನಿ. ಎರಡ ವರ್ಷ ಮಂದಿ ಹೊಲದಾಗ ಮಲಗಿದವ್ರು ಅವ್ರು. ಅವ್ರಿಗೆ ಹೇಳ್ರಿ" ಎಂದು ಸಮಾಧಿಯ ಕಡೆ ಕೈ ಮಾಡಿದಳು.

ಸತ್ತವರ ಜೊತೆ ಮಾತಾಡುವುದು ನಮ್ಮಲ್ಲಿಲ್ಲ. ಸಮಾಧಿಯ ಮುಂದೆ ಬಗ್ಗಬಾರದೆಂದು ಚಿಕ್ಕಂದಿನಲ್ಲೇ ಕಲಿತವನು ನಾನು. ಆಣೆಗೂ ಕೈ ಚಾಚದ ದಾವೀದಪ್ಪ ಈಗೇನು ಮಾಡುತ್ತಾನೆಂದು ಎಲ್ಲರೂ ನೋಡುತ್ತಿದ್ದರು. ದಸ್ತಗೀರ ಸರಪಳಿ ಸುತ್ತುವುದನ್ನು ನಿಲ್ಲಿಸಿದ್ದ. ಇಲ್ಲಿ ಆಗುವುದಿಲ್ಲ ಅಂದರೆ ನಾನು ಯಾರನ್ನು ಕಾಪಾಡುತ್ತಿದ್ದೇನೆ, ದೇವರನ್ನೋ ನನ್ನ ಮರ್ಯಾದೆಯನ್ನೋ ಎಂಬುದು ಒಮ್ಮೆಲೇ ಸ್ಪಷ್ಟವಾಯಿತು.

ಚಪ್ಪಲಿ ಬಿಟ್ಟು ಕಬ್ಬಿನ ಕೂಳೆ ತುಳಿಯುತ್ತ ಹೋಗಿ ಕಟ್ಟೆಯ ಮುಂದೆ ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಬಸಪ್ಪನವರ, ನಾನು ಸರ್ವೇ ದಾವೀದಪ್ಪ. ನಿಮ್ಮ ಮನ್ಯಾಕಿ ಖರೇ ಹೇಳಿದ್ಲು. ನಾ ಕೇಳಲಿಲ್ಲ. ನಿಮ್ಮ ಹೊಲದಾಗಿಂದ ನಿಮ್ಮನ್ನ ಹೊರಗ ಹಾಕಿದೆ. ತಪ್ಪ ನಂದು."

ಅಲ್ಲಿ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ ತಿರುಗಲು ಧೈರ್ಯ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಗಂಗವ್ವ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಳು. ಗೂಡಿನೊಳಗೆ ಬಿದ್ದಿದ್ದ ರವದಿಯನ್ನು ಬೆರಳಿನಿಂದ ತೆಗೆದು ಹಾಕಿದಳು.

"ಕೇಳ್ಯಾರ, ಬಿಡ್ರಿ" ಅಂದಳು. "ಇದ್ದಾಗೂ ಅವ್ರು ಹಿಂಗ, ಎಲ್ಲಾ ಕೇಳಿ ಸುಮ್ಮನಿರ್ತಿದ್ರು."